ಹುಳು ಮನೆಯ ಕಡೆಯ ಕಿಟಕಿ

ಆಚಾರ್ರ ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ. ಹೆಬ್ಬೆಟ್ಟು, ತೋರುಬೆರಳು, ನಡುಬೆರಳು ಮೂರೂ ಹುಣಸೆ ಬೀಜದ ಹಾಗೆ ನುಣ್ಣಗಾಗಿ, ಬೆಳಕಿಗೆ ಹಿಡಿದರೆ ಸಣ್ಣಗೆ ಮಿರುಗುತ್ತಿದ್ದವು. ನ್ಯಾಯಬೆಲೆ ಅಂಗಡಿಗೆ ಹೆಬ್ಬೆಟ್ಟು ಒತ್ತುವ ಮಿಷಿನ್ನು ಬಂದ ಮೊದಲ ತಿಂಗಳು ಸಾಲಿನಲ್ಲಿ ಅವರ ಹಿಂದೆ ನಾನೇ ನಿಂತಿದ್ದೆ. ಒಂದು ಸಲ ಒತ್ತಿದರು, ಕೆಂಪು ದೀಪ. ಪಂಚೆಗೆ ಒರೆಸಿಕೊಂಡು ಒತ್ತಿದರು, ಕೆಂಪು ದೀಪ. ಹತ್ತು ಬೆರಳೂ ಆಯಿತು. ಅಂಗಡಿಯವನಿಗೆ ಬೇಜಾರಾಗಿ, "ಏನ್ ಆಚಾರ್ರೇ, ಬೆರಳು ಮನೇಲಿ ಬಿಟ್ಟು ಬಂದಿದೀರಾ?" ಅಂದ.

"ಮನೇಲಲ್ಲಪ್ಪ, ಮರದಲ್ಲಿ ಬಿಟ್ಟು ಬಂದಿದೀನಿ," ಅಂದರು ಆಚಾರ್ರು. "ಈ ಮಿಷಿನ್ ಪ್ರಕಾರ ನಾನು ಇಲ್ವೇ ಇಲ್ಲ ಅಂತಾಯ್ತು. ಇಲ್ದೋನಿಗೆ ಅಕ್ಕಿ ಯಾಕೆ ಬಿಡು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ಈಗ ಎಲ್ಲಿಂದಲೋ ಹಿಂದಿರುಗಿ ಬಂದು ನನ್ನ ಮುಂದೆ ಕೂತುಕೊಳ್ಳುತ್ತದೆ.

ನಾನು ಹುಟ್ಟಿದ್ದು ಪೆರೇಸಂದ್ರದ ಕಡೆ. ಮದುವೆಯಾಗಿ ಬಂದದ್ದು ಸಾದಲಿಯಿಂದ ಎರಡು ಹರದಾರಿ ದೂರದ ಈ ಊರಿಗೆ. ಗಂಡನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಮನೆಯ ಹಿಂದೆ ಹುಳು ಮನೆ, ಅದಕ್ಕೆ ಎದುರಾಗಿ ಒಂದು ಗಾಡಿ ಹೋಗುವಷ್ಟು ಓಣಿ, ಓಣಿಯ ಆಚೆಗೆ ಆಚಾರ್ರ ಕೆಲಸದ ಕೊಟ್ಟಿಗೆ. ಬಾಗಿಲು ಬೀದಿಯ ಕಡೆ. ಕಿಟಕಿ ಒಂದೇ, ಅದು ನಮ್ಮ ಹುಳು ಮನೆಯ ಕಡೆ.

ಅವರು ಮಾಡುತ್ತಿದ್ದದ್ದು ಮುಖ್ಯವಾಗಿ ರಾಟೆ. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವವರು ಆ ನೂಲನ್ನು ಸುತ್ತಿಕೊಳ್ಳುವ ಮರದ ಚಕ್ರ ಅದು. ಅದರ ಪಟ್ಟಿಗಳಲ್ಲಿ ಕೂದಲೆಳೆಯಷ್ಟು ಸಿಬಿರಿದ್ದರೂ ನೂಲು ಸಿಕ್ಕಿ ಹರಿಯುತ್ತದೆ. ಹೀಗಾಗಿ ಆಚಾರ್ರ ಕೆಲಸದಲ್ಲಿ ಕೊಯ್ಯುವುದು, ಹೆರೆಯುವುದು ಒಂದು ಪಾಲಾದರೆ, ಉಪ್ಪುಕಾಗದ ಹಿಡಿದು ಉಜ್ಜುವುದೇ ಮೂರು ಪಾಲು. ಬೆಳಿಗ್ಗೆಯಿಂದ ಸಂಜೆವರೆಗೆ ಓಣಿಯಲ್ಲಿ ಅದೇ ಸದ್ದು, ಸರ್‍ರ್, ಸರ್‍ರ್. ಹೊಸ ಸೊಸೆಯಾಗಿ ಬಂದ ಮೊದಲ ವಾರ ನನಗೆ ಅದು ಯಾರೋ ನಿದ್ದೆಯಲ್ಲಿ ಉಸಿರಾಡುತ್ತಿರುವ ಹಾಗೆ ಕೇಳುತ್ತಿತ್ತು.

ಉಜ್ಜಿ ಮುಗಿಸಿದ ಮೇಲೆ ಅವರದೊಂದು ಪರೀಕ್ಷೆ ಇತ್ತು. ಎಂಟು ಗಂಟೆಗೆ ನಮ್ಮ ಹುಳು ಮನೆಯ ಹೆಂಚು ದಾಟಿ ಬಿಸಿಲು ಓರೆಯಾಗಿ ಆ ಕಿಟಕಿಯೊಳಗೆ ಬೀಳುತ್ತಿತ್ತು. ಪಟ್ಟಿಯನ್ನು ಆ ಬಿಸಿಲಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ಬಂದೂಕು ಗುರಿಯಿಟ್ಟವರ ಹಾಗೆ ನೋಡುವರು. ನೇರ ಬೆಳಕಿಗೆ ಕಾಣದ ಗೀರು ಓರೆ ಬೆಳಕಿಗೆ ಕಾಣುತ್ತದೆ. ಆಮೇಲೆ ಕಿಟಕಿಯಿಂದ ತಲೆ ಹಾಕಿ, "ಅಮ್ಮಯ್ಯ, ಒಂದು ಗೂಡು ಕೊಡ್ತೀಯಾ?" ಅನ್ನುವರು. ಗೂಡಿನಿಂದ ಹಸಿ ಎಳೆ ಬಿಡಿಸಿ ಮರದ ಮೇಲೆ ಮೆಲ್ಲಗೆ ಎಳೆಯುವರು. ಎಳೆ ಎಲ್ಲೂ ತಡೆಯದೆ ಬಂದರೆ ಪಟ್ಟಿ ಪಾಸು. ತಡೆದರೆ ಮತ್ತೆ ಕಾಗದ. ನಾನು ಕೊಟ್ಟ ಮೊದಲ ಗೂಡಿನ ಎಳೆ ತಡೆಯಿತು. "ಗೂಡು ಸರಿ ಇಲ್ವೇನೋ," ಅಂದೆ ನಾನು. "ಗೂಡು ಸರಿಯಾಗೇ ಐತೆ. ನನ್ನ ಕೈ ಸರಿ ಇಲ್ಲ," ಅಂದು ಕೂತರು. ತಪ್ಪು ಯಾರದು ಅಂತ ಅನುಮಾನ ಬಂದಾಗಲೆಲ್ಲ ಅವರು ಮೊದಲು ತಮ್ಮ ಕೈಯನ್ನೇ ನೋಡಿಕೊಳ್ಳುವರು. ಆ ಅಭ್ಯಾಸವೇ ಮುಂದೆ ನನಗೆ ಅನುಕೂಲವಾಯಿತು.

ಮದುವೆಯಾದ ಎರಡನೇ ವರ್ಷ. ಅತ್ತೆ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದರು. ಹುಳು ಬೆಳೆ ಪೂರ್ತಿ ನನ್ನ ಕೈಗೆ ಬಂದದ್ದು ಅದೇ ಮೊದಲು. ಹುಳುಗಳು ನಾಲ್ಕು ಸಲ ಪೊರೆ ಬಿಡುತ್ತವೆ, ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅವಕ್ಕೆ ತಿಂದದ್ದೇ ತಿಂದದ್ದು. ಆ ವಾರದಲ್ಲಿ ಒಂದು ದಿನ ಬೆಳಿಗ್ಗೆ ಹಾಕಿದ ಸೊಪ್ಪು ತಿಂದ ಹುಳುಗಳು ಮಧ್ಯಾಹ್ನದ ಹೊತ್ತಿಗೆ ತಲೆ ಎತ್ತಿ ಆಡಿಸತೊಡಗಿದವು. ಹಸಿರು ನೀರು ಕಾರಿಕೊಂಡವು. ಸಂಜೆಗೆ ತಟ್ಟೆ ತಟ್ಟೆಗಳೇ ಅಲುಗಾಟ ನಿಲ್ಲಿಸಿದವು. ಹುಳು ಮನೆಯಲ್ಲಿ ಸೊಪ್ಪು ತಿನ್ನುವ ಸದ್ದು ಮಳೆ ಹನಿದ ಹಾಗಿರುತ್ತದೆ. ಅದು ನಿಂತಾಗಿನ ಮೌನ ಕೇಳಿದವರಿಗೇ ಗೊತ್ತು.

ದಿಕ್ಕು ತೋಚದೆ ಸುತ್ತ ನೋಡಿದೆ. ಓಣಿಯ ಕಡೆಯ ಗವಾಕ್ಷಿಗೆ ಹಾಕಿದ್ದ ಸೊಳ್ಳೆ ಬಲೆಯ ಮೇಲೆ ಹಳದಿ ಧೂಳು. ಆ ವಾರ ಆಚಾರ್ರು ಹಲಸಿನ ಮರ ಉಜ್ಜುತ್ತಿದ್ದರು. ಸತ್ತ ಹುಳುಗಳ ತಟ್ಟೆಯೊಂದನ್ನು ಎತ್ತಿಕೊಂಡು ನೇರ ಅವರ ಬಾಗಿಲಿಗೆ ಹೋದೆ. ಒಳಗೆ ಅವರೂ ಅವರ ಹೆಂಡತಿಯೂ ಇದ್ದರು. ಆಕೆಯನ್ನು ನಾನು ಅಕ್ಕ ಅನ್ನುತ್ತಿದ್ದೆ.

"ನೋಡಿ ಆಚಾರ್ರೇ. ನಿಮ್ಮ ಧೂಳು ಮಾಡಿದ ಕೆಲಸ ಇದು. ಕಿಟಕಿ ತೆರ್ಕೊಂಡು ಉಜ್ಜೋರಿಗೆ ಎದುರುಗಡೆ ಜೀವ ಐತೆ ಅನ್ನೋದು ಗೊತ್ತಾಗಲ್ವಾ?"

ಅಕ್ಕ ಏನೋ ಹೇಳಲು ಬಾಯಿ ತೆರೆದರು. ಆಚಾರ್ರು ಕೈಸನ್ನೆಯಲ್ಲೇ ತಡೆದರು. ತಟ್ಟೆಯ ಹತ್ತಿರ ಬಂದು ಒಂದು ಹುಳುವನ್ನು ಆ ನುಣುಪು ಬೆರಳಿನಿಂದ ಮುಟ್ಟಿದರು. ಅವರ ತೋಳ ತುಂಬ ಹಳದಿ ಧೂಳಿತ್ತು. ಅದನ್ನು ನೋಡಿಕೊಂಡರು. "ತಪ್ಪಾಯ್ತು ಕಣಮ್ಮ," ಅಂದರು.

ಮಾರನೇ ದಿನ ಮೊಳೆ ಹೊಡೆಯುವ ಸದ್ದು ಕೇಳಿತು. ಕಿಟಕಿಗೆ ಒಳಗಿನಿಂದ ಹಲಗೆ ಹೊಡೆದಿದ್ದರು.

ಮೂರನೇ ದಿನ ಅತ್ತೆ ಮಂಚದ ಮೇಲಿಂದಲೇ ಕೇಳಿದರು. "ಅವತ್ತು ಬೆಳಿಗ್ಗೆ ಸೊಪ್ಪು ಯಾವ ಸಾಲಿಂದ ಕುಯ್ದೆ?"

"ದ್ರಾಕ್ಷಿ ತೋಟದ ಪಕ್ಕದ ನಾಲ್ಕು ಸಾಲು. ಅಲ್ಲಿ ಎಲೆ ಚೆನ್ನಾಗಿ ಬಂದಿತ್ತು."

ಅತ್ತೆ ಕಣ್ಣು ಮುಚ್ಚಿದರು. ದ್ರಾಕ್ಷಿ ತೋಟಕ್ಕೆ ಹಿಂದಿನ ಸಂಜೆ ಔಷಧಿ ಹೊಡೆದಿದ್ದರಂತೆ. ಗಾಳಿ ನಮ್ಮ ಕಡೆಗಿತ್ತಂತೆ. ಔಷಧಿ ಹೊಡೆದ ಮೇಲೆ ಆ ಸಾಲುಗಳನ್ನು ಹದಿನೈದು ದಿನ ಮುಟ್ಟಬಾರದು ಅಂತ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಹೇಳಿದ್ದರು. ದೊಡ್ಡ ಎಲೆ ಕಂಡು ಮರೆತಿದ್ದೆ.

"ಹುಳ ಹಸಿರು ಕಾರಿತು ಅಂದಾಗ್ಲೇ ನಂಗೆ ಗೊತ್ತಾಯ್ತು. ಧೂಳಿಗೆ ಹಂಗೆ ಆಗಲ್ಲ," ಅಂದರು ಅತ್ತೆ.

"ಹಂಗಾದ್ರೆ ಆಚಾರ್ರಿಗೆ ಹೋಗಿ ಹೇಳ್ಲಾ ಅತ್ತೆ?"

ಅವರು ಗೋಡೆಯ ಕಡೆ ತಿರುಗಿಕೊಂಡರು. "ಹೇಳಿ ಏನ್ ಮಾಡ್ತೀಯ. ಆ ಮನೆ ಸೊಸೆಗೆ ಸೊಪ್ಪು ಕುಯ್ಯೋಕೆ ಬರಲ್ಲ ಅಂತ ಊರೆಲ್ಲ ಆಡ್ಕೊಳ್ಳುತ್ತೆ. ಕಿಟಕಿ ಮುಚ್ಚಿದ್ರೆ ಹುಳಕ್ಕೆ ಒಳ್ಳೇದೇ. ಸುಮ್ನಿರು."

ನಾನು ಸುಮ್ಮನಿದ್ದೆ. ಹೇಳೋಣ, ಮುಂದಿನ ಬೆಳೆ ಎದ್ದ ಮೇಲೆ ಹೇಳೋಣ ಅಂದುಕೊಂಡೆ. ಮುಂದಿನ ಬೆಳೆ ಚೆನ್ನಾಗಿ ಬಂತು. ಅಷ್ಟು ಹೊತ್ತಿಗೆ ಊರವರೇ, "ಆಚಾರ್ರು ಕಿಟಕಿ ಮುಚ್ಚಿದ್ದಕ್ಕೆ ನೋಡು ಎಂಥಾ ಗೂಡು ಬಂತು," ಅನ್ನತೊಡಗಿದ್ದರು. ಆಚಾರ್ರು ಮಾತ್ರ ಅದಾದ ಮೇಲೆ ನಮ್ಮ ಮನೆಯ ಗೂಡು ಕೇಳಲಿಲ್ಲ. ಶಿಡ್ಲಘಟ್ಟಕ್ಕೆ ಹೋದಾಗ ಯಾರಲ್ಲೋ ಬೇಡಿ ಒಂದೆರಡು ಗೂಡು ಜೇಬಿನಲ್ಲಿ ತರುತ್ತಿದ್ದರು. ಬದಲಿಗೆ ನಮ್ಮ ಮನೆಗೆ ವಸ್ತುಗಳು ಬರತೊಡಗಿದವು. ಮಗಳು ಹುಟ್ಟಿದಾಗ ತೊಟ್ಟಿಲು. ನಡೆಯಲು ಕಲಿತಾಗ ಮೂರು ಗಾಲಿಯ ತಳ್ಳುಗಾಡಿ. ಅತ್ತೆಗೆ ಊರುಗೋಲು. ಒಂದು ಚಪಾತಿ ಮಣೆ, ಅದರ ಹಿಂಬದಿಯನ್ನೂ ಮುಂಬದಿಯಷ್ಟೇ ಉಜ್ಜಿದ್ದರು. "ಹಿಂದೆ ಯಾರ್ ನೋಡ್ತಾರೆ ಆಚಾರ್ರೇ?" ಅಂದರೆ, "ಮಣೆಗೆ ಗೊತ್ತಿರುತ್ತಲ್ಲಮ್ಮ," ಅಂದರು. ಎಲ್ಲವನ್ನೂ ಇಸಕೊಂಡೆ. ನನ್ನ ಮಗಳು ಆ ತೊಟ್ಟಿಲಲ್ಲಿ ಮಲಗಿದಾಗಲೆಲ್ಲ ಅದು ಸದ್ದಿಲ್ಲದೆ ತೂಗುತ್ತಿತ್ತು. ಕಿರುಗುಟ್ಟಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತೋ ಏನೋ.

ಅತ್ತೆ ತೀರಿಕೊಂಡರು. ಆಮೇಲೆ ಹಿಪ್ಪುನೇರಳೆ ಕಿತ್ತು ಸೇವಂತಿಗೆ ಹಾಕಿದೆವು. ಹುಳು ಮನೆಯಲ್ಲಿ ತಟ್ಟೆಗಳು ಮೂಲೆ ಸೇರಿದವು. ಅದೇ ವರ್ಷ ಅಕ್ಕನ ಮಂಡಿ ಕೈಕೊಟ್ಟು, ಗಂಡನ ಜೊತೆ ನಿಂತು ಉಜ್ಜಲು ಆಗದೆ ಹೋಯಿತು. ಒಂದು ದಿನ ಬಂದು, "ನಾಕು ದಿನ ಬಂದು ಕೈ ಹಾಕ್ತೀಯೇನಮ್ಮ? ರಾಟೆ ಕೆಲ್ಸ ಅರ್ಧಕ್ಕೆ ನಿಂತೈತೆ," ಅಂದರು. ನಾಲ್ಕು ದಿನಕ್ಕೆ ಅಂತ ಹೋದವಳು ಆಚಾರ್ರ ಜೊತೆ ಒಂಬತ್ತು ವರ್ಷ ಇದ್ದೆ.

ಒಳಗೆ ಕಾಲಿಟ್ಟ ಮೊದಲ ದಿನ ಏನೂ ಕಾಣಲಿಲ್ಲ. ಛಾವಣಿಯಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಬೆಳಕಿನ ಕಂಬದೊಳಗೆ ಧೂಳು ಸುತ್ತುತ್ತಾ ಇಳಿಯದೆ ನಿಂತಿತ್ತು. ಒಂದು ಬಲ್ಬು ಇತ್ತು, ಅದರ ಮೇಲೂ ಧೂಳು. ಓರೆ ಬಿಸಿಲು ಇಲ್ಲದ ಮೇಲೆ ಆಚಾರ್ರು ಕಣ್ಣಿನ ಪರೀಕ್ಷೆಯನ್ನೇ ಬಿಟ್ಟಿದ್ದರು. ಬೆರಳಿನಿಂದ ನೋಡುವುದನ್ನು ಕಲಿತಿದ್ದರು.

ಮುಖಕ್ಕೆ ಬಟ್ಟೆ ಕಟ್ಟುವುದನ್ನು ಅವರು ನನಗೆ ಮೊದಲು ಕಲಿಸಿದರು. ಹಳೆ ಪಂಚೆಯ ತುಂಡನ್ನು ಒದ್ದೆ ಮಾಡಿ, ಹಿಂಡಿ, ಎರಡು ಮಡಿಕೆ ಮಾಡಿ ಕಟ್ಟಬೇಕು. ಒಣಗಿದ ಕೂಡಲೇ ಮತ್ತೆ ಅದ್ದಬೇಕು. ಮೂಗಿನ ಹೊಳ್ಳೆಗೆ ಒಂದು ಬೆರಳು ಕೊಬ್ಬರಿ ಎಣ್ಣೆ. ಕಸ ಗುಡಿಸುವ ಮೊದಲು ನೀರು ಚಿಮುಕಿಸು. ಸೆರಗು ಕೊಡವುವುದಾದರೆ ಬೀದಿಯ ಕಡೆ, ಓಣಿಯ ಕಡೆ ಬೇಡ. ಕೊನೆಯ ಮಾತನ್ನು ಹೇಳುವಾಗ ಹಲಗೆ ಹೊಡೆದ ಕಿಟಕಿಯತ್ತ ಕಣ್ಣು ಹೊರಳಿಸಿದರು. ಆಗ ಅಲ್ಲಿ ಹುಳುವಿರಲಿಲ್ಲ.

ನನಗೆ ಬಟ್ಟೆ ಕಟ್ಟಿಸಿದ ಅವರೇ, ಕಾಗದ ಬದಲಿಸುವ ಹೊತ್ತಿಗೆ ತಮ್ಮ ಬಟ್ಟೆ ಕೆಳಗೆ ಎಳೆದುಕೊಳ್ಳುವರು. "ಮರ ಬಿಸಿಯಾಯ್ತಾ ಅಂತ ವಾಸನೆ ನೋಡ್ಬೇಕು. ಬಟ್ಟೇಲಿ ಹೆಂಗೆ ಗೊತ್ತಾಗುತ್ತೆ?" ಬೇವಿನ ಧೂಳು ಗಂಟಲಲ್ಲಿ ಕಹಿ, ತೇಗದ್ದು ಚರ್ಮಕ್ಕೆ ನವೆ, ಹಲಸಿನದು ಮಾತ್ರ ಸಿಹಿ ಅನ್ನುವರು. ಹಲಸು ಅಂದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಕೊರೊನಾ ಬಂದು ಜನರೆಲ್ಲ ಮುಖ ಮುಚ್ಚಿಕೊಂಡು ತಿರುಗಿದಾಗ, "ಈಗ ಊರಿಗೂರೇ ಆಚಾರಿಗಳಾದ್ರಲ್ಲ, ಕೆಲ್ಸಕ್ಕೆ ಕರೀಬೋದು," ಅಂದು ನಕ್ಕರು. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಎರಡನೇ ದಿನಕ್ಕೇ ನನ್ನ ಬಲಗೈ ಎತ್ತಲಾಗದೆ ಹೋಯಿತು. ಮುದ್ದೆ ಮುರಿಯಲೂ ಎಡಗೈ ಬೇಕಾಯಿತು. ಆಚಾರ್ರು ನನ್ನನ್ನು ಉಜ್ಜಲು ಹೇಳಿ ದೂರ ನಿಂತು ನೋಡಿದರು.

"ಮಣಿಕಟ್ಟಿಂದ ಉಜ್ತಾ ಇದೀಯ. ಹಂಗಾದ್ರೆ ಮಧ್ಯಾಹ್ನಕ್ಕೇ ಕೈ ಬೀಳುತ್ತೆ. ರಾಗಿ ಬೀಸಿದೀಯ ತಾನೆ?"

"ನಮ್ಮಜ್ಜಿ ಜೊತೆ ಬೀಸಿದೀನಿ."

"ರಾಗಿ ಕೈಯಿಂದ ಬೀಸ್ತಾರಾ, ಮೈಯಿಂದ ಬೀಸ್ತಾರಾ? ಒಂದು ಕಾಲು ಮುಂದಿಡು. ಮೈ ಹೋಗಿ ಬರ್ಲಿ, ಕೈ ಸುಮ್ನೆ ಅದರ ಜೊತೆ ಹೋಗ್ಲಿ. ಮೆಲ್ಲಗಾ, ಮೆಲ್ಲಗಾ. ನೀನು ಒತ್ತಬೇಡ. ಕಾಗದಕ್ಕೆ ಹಲ್ಲೈತೆ, ಅದು ಕಚ್ಚಿಕೊಳ್ಳುತ್ತೆ."

ಅವರ ಮನೆಮಾತು ತೆಲುಗು. ಕೆಲಸದ ನಡುವೆ ಆ 'ಮೆಲ್ಲಗಾ' ಎಷ್ಟು ಸಲ ಬರುತ್ತಿತ್ತೆಂದರೆ, ನನಗೆ ಹೇಳುತ್ತಿದ್ದಾರೋ ಮರಕ್ಕೋ ತಿಳಿಯುತ್ತಿರಲಿಲ್ಲ. ನಾನು ಕುಳ್ಳಿ, ಮೇಜು ನನಗೆ ಎತ್ತರ. ಹೊಕ್ಕುಳ ಮಟ್ಟಕ್ಕೆ ಮರ ಇರಬೇಕು, ಇಲ್ಲದಿದ್ದರೆ ಸೊಂಟ ಹೋಗುತ್ತದೆ ಅಂತ ಮಧ್ಯಾಹ್ನದೊಳಗೆ ನಿಲ್ಲಲು ಒಂದು ಹಲಗೆ ಮಾಡಿಕೊಟ್ಟರು. ಕಾಗದವನ್ನು ನಾಲ್ಕಾಗಿ ಮಡಿಸಿದ್ದಕ್ಕೆ ಬೈದರು. ಮೂರಾಗಿ ಮಡಿಸಬೇಕು, ಆಗ ಮರಳಿನ ಮೈಗೆ ಮರಳಿನ ಮೈ ತಾಗಿ ಸವೆಯುವುದಿಲ್ಲ. ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ, ಕಾಗದವನ್ನು ಅದಕ್ಕೆ ಸುತ್ತಿ ಹಿಡಿದರೆ ಬೆರಳು ನೋಯದು, ಮರದಲ್ಲಿ ಹಳ್ಳವೂ ಬೀಳದು. ನೂರು ಸಲ ಬಲಗೈ, ನೂರು ಸಲ ಎಡಗೈ. ಊಟವಾದ ಮೇಲೆ ನಿಂತು ಉಜ್ಜಬಾರದು. ಅರ್ಧ ಗಂಟೆ ಕೂತು ಸಣ್ಣ ಸಾಮಾನು. ಎಂಬತ್ತನೇ ನಂಬರಿನ ಒರಟು ಕಾಗದವಾದ ಮೇಲೆ ನೂರಿಪ್ಪತ್ತು, ಆಮೇಲೆ ನಯವಾದ ಇನ್ನೂರಿಪ್ಪತ್ತು. ಆತುರಕ್ಕೆ ನಡುವಿನದನ್ನು ಹಾರಿಸಿದೆನೋ, ಕತ್ತಲಲ್ಲಿ ಬೆರಳಾಡಿಸಿ ಅಲ್ಲೇ ಬೆಟ್ಟು ಮಾಡುವರು. "ಇಲ್ಲಿ ಹಾರಿದೀಯ ಕಣಮ್ಮ. ಮೇಲೆ ನುಣ್ಣಗೈತೆ, ಕೆಳಗೆ ಎಂಬತ್ತರ ಗೀರು ಹಂಗೇ ಕೂತೈತೆ."

ಮೂರು ಗಂಟೆಗೆ ಒಂದು ಚೂರು ಬೆಲ್ಲ, ಒಂದು ಲೋಟ ನೀರು. ಧೂಳು ಇಳಿಯುತ್ತದೆ ಅಂತ ಅವರ ನಂಬಿಕೆ. ಬೆಲ್ಲ ಕಚ್ಚುತ್ತಾ ವರ್ಷಕ್ಕೊಂದು ಸಲ, ಯುಗಾದಿ ಆದಮೇಲೆ, ಅವರು ಅದೇ ಪ್ರಶ್ನೆ ಕೇಳುವರು.

"ಈ ವರ್ಷ ಹುಳ ಹಾಕ್ತೀರೇನಮ್ಮ?"

"ನೋಡಣ ಆಚಾರ್ರೇ."

"ಹಾಕಿದ್ರೆ ಹೇಳು. ಹಲಗೆ ಸಂದಿಗೆ ಇನ್ನೊಂದ್ಸಲ ಬಟ್ಟೆ ತುರುಕ್ತೀನಿ."

ಇಲ್ಲ, ಹಿಪ್ಪುನೇರಳೆ ಬೇರು ಸಮೇತ ಕಿತ್ತಾಗಿದೆ, ಇನ್ನು ಹುಳುವಿನ ಮಾತೇ ಇಲ್ಲ, ತೆಗೆಯಿರಿ ಆ ಹಲಗೆ ಅನ್ನಬಹುದಿತ್ತು. ಆದರೆ ಹಲಗೆ ತೆಗೆಯಿರಿ ಅಂದ ಬಾಯಲ್ಲೇ ಅದನ್ನು ಹೊಡೆಸಿದ್ದು ಯಾಕೆ ಅನ್ನುವುದೂ ಬರಬೇಕಾಗುತ್ತದೆ ಅನ್ನಿಸುತ್ತಿತ್ತು. ಹಾಗಾಗಿ ಒಂಬತ್ತು ಯುಗಾದಿಗೂ 'ನೋಡಣ' ಅಂದೆ. ಎದುರಿಗೆ ಕೂತು, ಅವರು ಉಸಿರಾಡುವುದನ್ನು ನೋಡುತ್ತಾ ಅಂದೆ.

ಒಂದು ಸಲ ಹೇಳಿಯೇಬಿಡುವವಳಿದ್ದೆ. ಅವತ್ತು ಅವರು ಹೊಸ ವಿಷಯ ತೋರಿಸುತ್ತಿದ್ದರು. ಇನ್ನೂರಿಪ್ಪತ್ತರ ಕಾಗದವೂ ಆಗಿ, ಪಟ್ಟಿ ಕನ್ನಡಿಯ ಹಾಗಿತ್ತು. ಆಯಿತಲ್ಲ ಅಂದುಕೊಂಡೆ. ಅವರು ಒದ್ದೆ ಬಟ್ಟೆ ತಂದು ಅದರ ಮೇಲೆ ಒಂದು ಸಲ ಒರೆಸಿ ಇಟ್ಟರು. ಒಣಗಿದ ಮೇಲೆ, "ಈಗ ಮುಟ್ಟು," ಅಂದರು. ಮುಟ್ಟಿದರೆ ಮೈಯೆಲ್ಲ ಮುಳ್ಳು ಮುಳ್ಳು.

"ಒಳಗೆ ಮಲಗಿರೋ ನಾರು ನೀರು ಸೋಕಿದ್ರೆ ಎದ್ದು ಕೂತ್ಕೊಳ್ಳುತ್ತೆ. ನಾವೇ ಎಬ್ಬಿಸಿ ಈಗ್ಲೇ ಉಜ್ಜಿಬಿಡ್ಬೇಕು. ಇಲ್ದಿದ್ರೆ ಯಾವತ್ತೋ ಬೇರೆಯೋರ ಕೈಲಿದ್ದಾಗ ಏಳುತ್ತೆ."

ನನ್ನ ಬೆರಳು ಆ ಮುಳ್ಳಿನ ಮೇಲೇ ನಿಂತಿತು. "ಆಚಾರ್ರೇ," ಅಂದೆ, "ಅವತ್ತು ನಮ್ಮ ಹುಳ ಸತ್ತವಲ್ಲ, ಆವಾಗ..."

ಅವರು ಕೈ ಅಡ್ಡ ಮಾಡಿದರು. ತಟ್ಟೆ ಹಿಡಿದು ಹೋದ ದಿನ ಅಕ್ಕನನ್ನು ತಡೆದದ್ದೂ ಅದೇ ಕೈ.

"ಆ ಮಾತು ಬ್ಯಾಡ ತಾಯಿ. ನೀನು ಹೊಸ ಸೊಸೆ, ಮೊದಲನೇ ಬೆಳೆ. ನಿನ್ನ ಮುಖ ಇನ್ನೂ ಕಣ್ಣಲ್ಲೈತೆ. ಅಷ್ಟು ಜೀವ ಹೋಯ್ತಲ್ಲ ನನ್ನ ಧೂಳಿಗೆ. ಒಂದೊಂದ್ಸಲ ಕಾಗದ ಉಜ್ತಾ ಇದ್ರೆ ಆ ಹುಳ ಸೊಪ್ಪು ತಿಂದಂಗೇ ಕೇಳ್ಸುತ್ತೆ ನಂಗೆ. ನಿಲ್ಲಿಸ್ತೀನಿ. ನಿಲ್ಲಿಸಿದ್ರೆ ಅದೂ ನಿಲ್ಲುತ್ತೆ."

ಅಷ್ಟು ಹೇಳಿ ಬಟ್ಟೆಯನ್ನು ಮೂಗಿಗೆ ಏರಿಸಿಕೊಂಡು ಕೆಲಸಕ್ಕೆ ತಿರುಗಿದರು. ನಾನೂ ಕಾಗದ ಎತ್ತಿಕೊಂಡೆ. ಅವರು ಉಜ್ಜಿದರು, ನಾನು ಉಜ್ಜಿದೆ. ಅವರು ನಿಲ್ಲಿಸಿದಾಗಲೆಲ್ಲ ಏನು ಕೇಳಿ ನಿಲ್ಲಿಸುತ್ತಾರೆ ಅಂತ ಅಂದಿನಿಂದ ನನಗೆ ಗೊತ್ತಾಗುತ್ತಿತ್ತು.

ಕೆಮ್ಮು ದಿನದ ಮಾತಾಯಿತು. ಮೊದಲು ನೂರು ಸಲ ಉಜ್ಜಿ ಕೈ ಬದಲಿಸುತ್ತಿದ್ದವರು ಐವತ್ತಕ್ಕೆ, ಆಮೇಲೆ ಇಪ್ಪತ್ತಕ್ಕೆ ನಿಲ್ಲತೊಡಗಿದರು. "ಕೈ ಸೋಲಲಿಲ್ಲ ಕಣಮ್ಮ, ಗಾಳಿ ಸಾಲ್ತಾ ಇಲ್ಲ," ಅಂದರು ಒಂದು ದಿನ. ಅಕ್ಕ, ನಾನು, ನಮ್ಮ ಯಜಮಾನರು ಸೇರಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರಕೊಂಡು ಹೋದೆವು. ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿ, ಏನು ಕೆಲಸ ಅಂತ ಕೇಳಿದರು. ಹೇಳಿದೆವು.

"ಕೆಲಸ ಮಾಡೋ ಜಾಗದಲ್ಲಿ ಕಿಟಕಿ ಇದ್ಯಾ?"

"ಐತೆ ಸ್ವಾಮಿ," ಅಂದರು ಅಕ್ಕ. "ಮುಚ್ಚೈತೆ."

"ಎಷ್ಟು ದಿನದಿಂದ?"

ಅಕ್ಕ ನನ್ನ ಕಡೆ ನೋಡಿದರು, ಲೆಕ್ಕ ನೆನಪಿಸು ಅನ್ನುವ ಹಾಗೆ. ಆ ನೋಟದಲ್ಲಿ ಬೇರೆ ಏನೂ ಇರಲಿಲ್ಲ. "ನನ್ನ ಮಗಳು ಹುಟ್ಟೋ ಮುಂಚಿಂದ," ಅಂದೆ. ಮಗಳು ಆಗ ಪಿಯುಸಿ ಓದುತ್ತಿದ್ದಳು.

ಧೂಳಿನ ಜೊತೆ ವಯಸ್ಸೂ ಇದೆ, ಬೀಡಿಯ ಕಾಲವೂ ಒಂದಿತ್ತು, ಇದರಿಂದಲೇ ಅಂತ ಹೇಳಲು ಬರುವುದಿಲ್ಲ ಅಂದರು ಡಾಕ್ಟರು. ಆ ಮಾತನ್ನು ಹಿಡಿದುಕೊಂಡು ನಿಲ್ಲಲು ನಾನು ಎಷ್ಟು ಸಲ ಪ್ರಯತ್ನಪಟ್ಟಿದ್ದೇನೋ. ನಿಲ್ಲುವುದಿಲ್ಲ.

ಆಸ್ಪತ್ರೆಗೆ ಸೇರಿಸಿದ ಐದನೇ ದಿನ ಬೆಳಿಗ್ಗೆ ಅಕ್ಕ ಕಾಫಿ ತರಲು ಕೆಳಗೆ ಹೋದರು. ಇವತ್ತು ಹೇಳಲೇಬೇಕು ಅಂತ ಗಟ್ಟಿ ಮಾಡಿಕೊಂಡು ಬಂದಿದ್ದೆ. ಆಚಾರ್ರ ಮೂಗಿಗೆ ಗಾಳಿಯ ಕೊಳವೆ ಹಾಕಿತ್ತು. ಹೊದಿಕೆಯ ಅಂಚನ್ನು ಬೆರಳ ನಡುವೆ ಹಿಡಿದು ಉಜ್ಜುತ್ತಿದ್ದರು, ನುಣುಪು ನೋಡುವ ಹಾಗೆ. ಸ್ಟೂಲು ಹತ್ತಿರ ಎಳೆದುಕೊಂಡು ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕಣ್ಣು ಬಿಟ್ಟರು.

"ಹುಳ ಹೆಂಗವೆ?"

ಅವರ ಕಣ್ಣು ನನ್ನನ್ನೇ ನೋಡುತ್ತಿತ್ತು, ಆದರೆ ನನ್ನ ವಯಸ್ಸನ್ನು ನೋಡುತ್ತಿರಲಿಲ್ಲ. ಅವರಿಗೆ ನಾನು ಇನ್ನೂ ಹೊಸ ಸೊಸೆ.

"ಚೆನ್ನಾಗವೆ ಆಚಾರ್ರೇ."

"ಜ್ವರ ಎದ್ದವಾ?"

"ಎದ್ದವು."

ಬಹಳ ಹೊತ್ತು ಉಸಿರು ಕೂಡಿಸಿಕೊಂಡರು. "ಗೂಡು ಕಟ್ಟಿದವಾ?"

"ಕಟ್ಟಿದವು. ಎಲ್ಲಾನೂ ಕಟ್ಟಿದವು."

"ಹಂಗಾದ್ರೆ," ಅಂದರು, "ಇನ್ನು ಕಿಟಕಿ ತೆಗೀಬೋದು."

ಹೇಳಲು ಸ್ಟೂಲು ಇನ್ನೂ ಹತ್ತಿರ ಎಳೆದುಕೊಂಡೆ, ಅಷ್ಟರಲ್ಲಿ ಅಕ್ಕ ಕಾಫಿ ತಂದರು. ನಾನು ಎದ್ದು ಸಿಕ್ಕಿದ ಬಸ್ಸು ಹತ್ತಿ ಊರಿಗೆ ಬಂದೆ. ನೇರ ಕೊಟ್ಟಿಗೆಗೆ ಹೋಗಿ, ಮೊಳೆ ಕೀಳುವ ಇಕ್ಕಳ ಹುಡುಕಿ, ಒಂದೊಂದೇ ಮೊಳೆ ಕಿತ್ತೆ. ಹಲಗೆ ಸಡಿಲವಾಗಲಿಲ್ಲ. ಸುತ್ತಲ ಸಂದಿಗೆಲ್ಲ ಹಳೆ ಸೀರೆಯ ಚೂರುಗಳನ್ನು ಅಂಟಿನಲ್ಲಿ ಅದ್ದಿ ತುರುಕಿದ್ದರು, ಪದರದ ಮೇಲೆ ಪದರ. ಕುಡುಗೋಲಿನಿಂದ ಕೊಯ್ದು ತೆಗೆಯಬೇಕಾಯಿತು. ಹಲಗೆ ಕಳಚಿ ಬಂದಾಗ ಅದರ ಓಣಿಯ ಕಡೆಯ ಮೈ ನೋಡಿದೆ. ಒಂದು ಕಣ ಧೂಳು ದಾಟಿರಲಿಲ್ಲ. ಯಾರಿಗೂ ಕಾಣದ ಆ ಮೈಯನ್ನೂ ಇನ್ನೂರಿಪ್ಪತ್ತರ ಕಾಗದದಲ್ಲಿ ಉಜ್ಜಿದ್ದರು.

ಕಿಟಕಿಯ ಬಾಗಿಲು ತೆರೆದೆ. ಹತ್ತು ಗಂಟೆಯ ಬಿಸಿಲು ಮೇಜಿನ ಮೇಲೆ ಬಿತ್ತು. ಅವರು ಕೊನೆಗೆ ಮುಗಿಸಿಟ್ಟಿದ್ದ ಆರು ಪಟ್ಟಿಗಳನ್ನು ಒಂದೊಂದಾಗಿ ಎತ್ತಿ, ಒಂದು ಕಣ್ಣು ಮುಚ್ಚಿ, ಬೆಳಕಿಗೆ ಅಡ್ಡ ಹಿಡಿದೆ. ಎಲ್ಲಾದರೂ ಒಂದು ಗೀರು ಸಿಗಲಿ ಅಂತ ಹುಡುಕಿದೆ. ಸಿಗಲಿಲ್ಲ.

ಪಟ್ಟಿ ಕೆಳಗಿಡುವಾಗ ಫೋನು ಬಂತು. "ಹೋದ್ರು ಕಣಮ್ಮ," ಅಂದರು ಅಕ್ಕ.

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರು ಹೋದ ಮೇಲೆ ಅಕ್ಕನಿಗೆ ಎಲ್ಲ ಹೇಳಿದೆ. ದ್ರಾಕ್ಷಿ ತೋಟ, ನಾಲ್ಕು ಸಾಲು, ಅತ್ತೆಯ ಮಾತು, ನನ್ನ ಒಂಬತ್ತು ಯುಗಾದಿ. ಅವರು ಅಕ್ಕಿ ಆರಿಸುತ್ತಿದ್ದರು. ಮೊರದ ಮೇಲಿಂದ ಕೈ ತೆಗೆಯಲಿಲ್ಲ, ತಲೆ ಎತ್ತಲಿಲ್ಲ.

"ಇದನ್ನ ನಂಗೆ ಹೇಳಿ ಏನಮ್ಮ," ಅಂದರು. "ಅವರಿಗೆ ಹೇಳ್ಬೇಕಿತ್ತು."

ಇವತ್ತಿಗೂ ನಾನು ಆ ಕೊಟ್ಟಿಗೆಯಲ್ಲೇ ಕೆಲಸ ಮಾಡುತ್ತೇನೆ. ರಾಟೆ ಕಡಿಮೆಯಾಗಿದೆ, ದೇವರ ಮಂಟಪ, ಮಣೆ, ತೊಟ್ಟಿಲು ಬರುತ್ತವೆ. ಅಕ್ಕ ಮೂರು ಗಂಟೆಗೆ ಬೆಲ್ಲ, ನೀರು ತಂದಿಡುತ್ತಾರೆ. ಒಳಗೆ ಬರುವುದಿಲ್ಲ, ಹೊಸಿಲ ಮೇಲೆ ಇಟ್ಟು ಹೋಗುತ್ತಾರೆ. ಆಚಾರ್ರು ಹಿಡಿಯುತ್ತಿದ್ದ ಚಪ್ಪಲಿ ಅಟ್ಟೆಯಲ್ಲಿ ಹೆಬ್ಬೆಟ್ಟಿನ ಗುಳಿ ಬಿದ್ದಿದೆ, ನನ್ನ ಹೆಬ್ಬೆಟ್ಟು ಅದರಲ್ಲಿ ಸರಿಯಾಗಿ ಕೂರುತ್ತದೆ. ಹೋದ ತಿಂಗಳು ನ್ಯಾಯಬೆಲೆ ಅಂಗಡಿಯ ಮಿಷಿನ್ನು ನನಗೂ ಕೆಂಪು ದೀಪ ತೋರಿಸಿತು. ಅಂಗಡಿಯವನು ಏನೋ ತಮಾಷೆ ಮಾಡಲು ಹೊರಟು, ನನ್ನ ಮುಖ ನೋಡಿ ಮಿಷಿನ್ನು ಒರೆಸತೊಡಗಿದ.

ಕಿಟಕಿ ತೆರೆದೇ ಇರುತ್ತದೆ. ಧೂಳು ಓಣಿ ದಾಟಿ ನಮ್ಮ ಖಾಲಿ ಹುಳು ಮನೆಯ ಗವಾಕ್ಷಿಯ ಮೇಲೆ ಕೂರುತ್ತದೆ. ಸಂಜೆ ಹೋಗುವಾಗ ಅದನ್ನು ಒರೆಸಿ ಹೋಗುತ್ತೇನೆ, ಬೇಕಿಲ್ಲ ಅಂತ ಗೊತ್ತಿದ್ದೂ. ಉಜ್ಜುವಾಗ ಒಂದೊಂದು ಸಲ ಕಾಗದದ ಸದ್ದಿನೊಳಗೆ ಸೊಪ್ಪು ತಿನ್ನುವ ಸದ್ದು ಕೇಳಿಸುತ್ತದೆ. ನಿಲ್ಲಿಸುತ್ತೇನೆ. ಅವರಿಗಾದರೆ ಅದು ಕೂಡಲೇ ನಿಲ್ಲುತ್ತಿತ್ತು, ನನಗೆ ನಿಲ್ಲುವುದಿಲ್ಲ. ನಾನು ಕೈ ತೆಗೆದ ಮೇಲೂ ಇನ್ನೊಂದು ಎಳೆತದ ಸದ್ದು, ಮೆಲ್ಲಗೆ, ಅವರು ನಿಲ್ಲುತ್ತಿದ್ದ ಮೇಜಿನ ಆ ಬದಿಯಿಂದ ಬಂದು ಆಮೇಲೆ ನಿಲ್ಲುತ್ತದೆ.

ದಿನಾ ಬೆಳಿಗ್ಗೆ ಬಟ್ಟೆ ಒದ್ದೆ ಮಾಡಿ ಮುಖಕ್ಕೆ ಕಟ್ಟುವ ಮೊದಲು, ಬಾಯಿ ಇನ್ನೂ ತೆರೆದಿರುವಾಗ, ಮೇಜಿನ ಆ ಬದಿಗೆ ತಿರುಗಿ ಹೇಳುತ್ತೇನೆ. "ಆಚಾರ್ರೇ, ದ್ರಾಕ್ಷಿ ತೋಟದ ಪಕ್ಕದ ನಾಲ್ಕು ಸಾಲು. ಕುಯ್ದೋಳು ನಾನೇ. ಧೂಳು ಏನೂ ಮಾಡ್ಲಿಲ್ಲ." ಹೇಳಿ, ಬಿಸಿಲು ಕಿಟಕಿಯೊಳಗೆ ಇಳಿಯುವವರೆಗೆ ಕಾಯುತ್ತೇನೆ. ಆಮೇಲೆ ಒಂದು ಕಾಲು ಮುಂದಿಟ್ಟು, ಎಂಬತ್ತನೇ ನಂಬರಿನ ಕಾಗದದಿಂದ ಶುರು ಮಾಡುತ್ತೇನೆ.